ಟಾಂಗಾ ಹತ್ತದ ನಜಮಾ ಅಕ್ಕೋರು

“ಮರೆವ್ವಾ, ಆ ಮಷೀನ ನನ್ನ ಕೊರಳಿಗೆ ಹೆಂಗ ಬಿದ್ದುವು ಅಂತ ಮಂದಿ ಕೇಳ್ತಾರ. ನಾ ಏನ್ ಬೇಡಿ ತಗೊಂಡಿಲ್ಲ. ಅವತ್ತ ಶನಿವಾರ, ಮುಂಜಾನಿ ಸಾಲಿ. ಹೆಡ್ ಮಾಸ್ತರು ಕೈಯಾಗ ಒಂದು ಕಾಗದಾ ಹಿಡ್ಕೊಂಡು ಸ್ಟಾಫ್ ರೂಮಿಗೆ ಬಂದ್ರು. ‘ನಮ್ಮ ಸಾಲಿಗೆ ಎರಡು ಕಂಪ್ಯೂಟರ್ ಮಂಜೂರ ಆಗ್ಯಾವ. ಬಾಗಲಕೋಟಿಗೆ ಹತ್ತ ದಿನದ ಟ್ರೇನಿಂಗಿಗೆ ಒಬ್ಬರು ಹೋಗಬೇಕು, ಯಾರ ಹೋಗ್ತೀರಿ’ ಅಂದ್ರು. ಎಲ್ಲಾರೂ ತಮ್ಮ ತಮ್ಮ ಚಹಾದ ಕಪ್ಪಿನ್ಯಾಗ ನೋಡಾಕ ಹತ್ತಿದ್ರು. ವಿಜ್ಞಾನದ ಮಲಕಪ್ಪ ಮಾಸ್ತರು ‘ನಮ್ಮ ಮನ್ಯಾಗ ಎಮ್ಮಿ ಈಯೂದೈತ್ರಿ’ ಅಂದ್ರು. ಗಣಿತದವರು ‘ನನಗ ಬಸ್ಸಿನ್ಯಾಗ ವಾಂತಿ ಬರ್ತೈತ್ರಿ’ ಅಂದ್ರು. ನಾ ಮೂಲ್ಯಾಗ ಕುಂತು ಬಾಬಿನ್ನಿಗೆ ದಾರಾ ಸುತ್ತಾಕ ಹತ್ತಿದ್ದೆ. ಹೆಡ್ ಮಾಸ್ತರು ನನ್ನ ಕಡೆ ತಿರುಗಿದ್ರು. ‘ನಜಮಾ ಅಕ್ಕೋರ, ನಿಮ್ಮ ಏಳು ಹೊಲಿಗಿ ಮಷೀನ ಹನ್ನೊಂದು ವರ್ಷ ಆತು, ಒಂದರೆ ರಿಪೇರಿಗೆ ಹೋಗೈತೇನ್ರಿ’ ಅಂದ್ರು. ‘ಇಲ್ರಿ’ ಅಂದೆ. ‘ಹಂಗಾರ ಇನ್ನೆರಡು ಮಷೀನ ಅನ್ಕೊಂಡು ಇವನ್ನೂ ನೋಡ್ಕೊಳ್ರಿ’ ಅಂದ್ರು. ಮಲಕಪ್ಪ ಮಾಸ್ತರು ಬಾಯಿಗೆ ಕೈ ಹಿಡಿದು ನಕ್ಕರು. ಅವರು ನಕ್ಕಿದ್ದಕ್ಕ ನನಗ ಸಿಟ್ಟು ಬಂತು. ಸಿಟ್ಟಿನ್ಯಾಗ ‘ಆತ್ರಿ, ನಾ ಹೋಗ್ತೇನಿ’ ಅಂದೆ. ಹಿಂಗ ಬಿದ್ದುವು ನೋಡವ್ವ. ಅವರ ಎಮ್ಮಿ ಏನ ಆವಾಗ ಈಯಲಿಲ್ಲ. ಮುಂದ ನಾಕು ತಿಂಗಳಿಗೆ ಈತು.”

ನಜಮಾ ಅಕ್ಕೋರು ಈ ಮಾತನ್ನು ನನಗೆ ಹತ್ತು ಸಲವಾದರೂ ಹೇಳಿರಬೇಕು. ಹೇಳಿದಾಗಲೆಲ್ಲ ಮಲಕಪ್ಪ ಮಾಸ್ತರ ಎಮ್ಮೆ ಇನ್ನೊಂದು ತಿಂಗಳು ತಡವಾಗಿ ಈಯುತ್ತಿತ್ತು.

ಇಳಕಲ್ಲಿನ ಆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಆಯಾ ಆಗಿದ್ದೆ. ಮೂರನೆಯ ಇಯತ್ತೆಯವರೆಗೆ ಓದಿದವಳು. ಗಂಟೆ ಬಾರಿಸುವುದು, ಕಸ ಗುಡಿಸುವುದು, ಕೊಡ ತುಂಬಿಸುವುದು ನನ್ನ ಕೆಲಸ. ಮಿಕ್ಕ ಹೊತ್ತು ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತು ಒಳಗಿನ ಪಾಠ ಕೇಳುತ್ತಿದ್ದೆ. ಆ ಮಷೀನುಗಳ ವಿಷಯ ನನಗೆ ತಿಳಿದದ್ದಷ್ಟೂ ಹಾಗೆ ಕೇಳಿ ತಿಳಿದದ್ದು.

ಅಕ್ಕೋರ ಊರು ಹುನಗುಂದ. ತಂದೆ ಖಾಸಿಂಸಾಬರದು ಅಲ್ಲಿ ಒಂದು ಬಾಗಿಲಿನ ಹೊಲಿಗೆ ಅಂಗಡಿ. ತಾಯಿಯಿಲ್ಲದ ಮಗಳು ಆ ಅಂಗಡಿಯ ಕತ್ತರಿ ಸಪ್ಪಳದಲ್ಲೇ ಬೆಳೆದರು. ಮ್ಯಾಟ್ರಿಕ್ ಮುಗಿಸಿ, ಹೊಲಿಗೆಯ ಪರೀಕ್ಷೆಯನ್ನೂ ಪಾಸು ಮಾಡಿ, 1974ರಲ್ಲಿ ನಮ್ಮ ಶಾಲೆಗೆ ಹೊಲಿಗೆ ಕಲಿಸಲು ಬಂದರು. ದಿನಾ ಹುನಗುಂದದಿಂದ ಬಸ್ಸು, ಬಸ್ ಸ್ಟ್ಯಾಂಡಿನಿಂದ ಟಾಂಗಾ. ಕೆಲಸಕ್ಕೆ ಹೊರಟ ದಿನ ಖಾಸಿಂಸಾಬರು ಎರಡೇ ಮಾತು ಹೇಳಿ ಕಳಿಸಿದ್ದರಂತೆ. “ಮಂದಿ ಅರಿವಿ ಅಂಗಡ್ಯಾಗ ಬಿಟ್ಟು ಮನಿಗೆ ಬರಬ್ಯಾಡ. ಸೂಜಿ ನೆಲದಾಗ ಬಿಟ್ಟು ಬಾಗಲಾ ಹಾಕಬ್ಯಾಡ.”

ಎರಡನೆಯ ಮಾತಿನ ಜೊತೆಗೆ ಒಂದು ಸೂಜಿಗಲ್ಲನ್ನೂ ಕೊಟ್ಟಿದ್ದರು. ಕೆಟ್ಟ ಲೌಡ್‌ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತ ಅದು. ನಡುವೆ ತೂತಿದ್ದು, ನೋಡಲು ಥೇಟು ಉದ್ದಿನ ವಡೆ. ಅದಕ್ಕೆ ಒಂದು ಮೊಳ ದಾರ ಕಟ್ಟಿತ್ತು. ದಿನಾ ಸಂಜೆ ನಾನು ಕಡೆಯ ಗಂಟೆ ಬಾರಿಸಿದ ಮೇಲೆ ಅಕ್ಕೋರು ದಾರದ ತುದಿ ಹಿಡಿದು ಆ ಕಲ್ಲನ್ನು ಹೊಲಿಗೆ ಖೋಲಿಯ ನೆಲದ ಮೇಲೆ ಆಡಿಸುತ್ತ ಮೂಲೆಯಿಂದ ಮೂಲೆಗೆ ಹೋಗುತ್ತಿದ್ದರು. ಬಿದ್ದಿದ್ದ ಸೂಜಿ, ಟಾಚಣಿಗಳು ಟಿಕ್ ಟಿಕ್ ಎಂದು ಬಂದು ಅಂಟಿಕೊಳ್ಳುತ್ತಿದ್ದವು. ಆಮೇಲೆ ಅದೇ ಕಲ್ಲು ಅವರ ಚೀಲದಲ್ಲಿ ಹುನಗುಂದಕ್ಕೆ ಹೋಗಿ ಅಪ್ಪನ ಅಂಗಡಿಯ ನೆಲದ ಸೂಜಿಗಳನ್ನೂ ಆರಿಸುತ್ತಿತ್ತು. ನಮ್ಮ ಹುಡುಗಿಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರದು ಬರಿಗಾಲು. ಅಷ್ಟು ವರ್ಷಗಳಲ್ಲಿ ಒಬ್ಬಳ ಕಾಲಿಗೂ ಸೂಜಿ ಚುಚ್ಚಲಿಲ್ಲ.

ಕಂಪ್ಯೂಟರುಗಳು ಬಂದದ್ದು 1985ರ ಮಳೆಗಾಲದಲ್ಲಿ. ಲಾರಿಯಿಂದ ಡಬ್ಬಿಗಳನ್ನು ಇಳಿಸುವಾಗ ಹುಡುಗಿಯರು ವರಾಂಡದಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದರು. ಅದಕ್ಕೆ ಕಾರಣವಿತ್ತು. ನಮ್ಮ ಏಳು ಹೊಲಿಗೆ ಮಷೀನುಗಳೂ ಬೇರೆ ಶಾಲೆಯವರು ಸಾಕೆಂದು ಬಿಟ್ಟವು. ಬೆಂಚುಗಳೂ ಅಂಥವೇ, ಅವುಗಳ ಮೇಲೆ ಯಾವುದೋ ಊರಿನ ಗಂಡುಹುಡುಗರು ಬ್ಲೇಡಿನಿಂದ ಕೊರೆದ ಹೆಸರುಗಳಿದ್ದವು. ಪ್ಯಾಕು ಒಡೆಯದ ಸಾಮಾನು ನಮ್ಮ ಅಂಗಳಕ್ಕೆ ಬಂದದ್ದು ಅದೇ ಮೊದಲು.

ಜೊತೆಗೆ ಒಂದು ಕಾಗದವೂ ಬಂದಿತ್ತು. ಹೆಡ್ ಮಾಸ್ತರಾದ ಅಮಸಿದ್ದಪ್ಪನವರು ಅದನ್ನು ಎಲ್ಲರೆದುರು ಓದಿದರು. ಮಷೀನುಗಳು ನಡೆಯದೆ ನಿಂತರೆ ಅವನ್ನು ಬಾಗಲಕೋಟೆಯ ಗಂಡುಹುಡುಗರ ಒಂದು ದೊಡ್ಡ ಶಾಲೆಗೆ ಸಾಗಿಸಲಾಗುವುದು, ಆ ಶಾಲೆಯವರು ಈಗಾಗಲೇ ಬರೆದು ಕೇಳಿದ್ದಾರೆ ಎಂದು ಅದರಲ್ಲಿತ್ತು.

“ಕೇಳಿಸ್ತೇನ್ರಿ ಅಕ್ಕೋರ?” ಎಂದರು ಅವರು.

“ಕೇಳಿಸ್ತ್ರಿ. ಕೊಡಾಂಗಿಲ್ರಿ” ಎಂದರು ಅಕ್ಕೋರು.

ಹೊಲಿಗೆ ಖೋಲಿಯ ಅರ್ಧಕ್ಕೆ ಪರದೆ ಕಟ್ಟಿ ಮಷೀನುಗಳನ್ನು ಇಟ್ಟರು. ಬೆರಳಚ್ಚಿನ ಮಷೀನಿನಂಥ ಗುಂಡಿಗಳ ಹಲಗೆ, ಮೇಲೊಂದು ಸಣ್ಣ ಟಿವಿ, ಪಕ್ಕದಲ್ಲಿ ಬಾಯಿ ಸೀಳಿದ ಒಂದು ಡಬ್ಬಿ. ವಾರದೊಳಗೇ ತೊಂದರೆ ಶುರುವಾಯಿತು. ದಿನಾ ಹನ್ನೊಂದರ ಸುಮಾರಿಗೆ ಟಿವಿಯ ಚಿತ್ರ ಕುಗ್ಗಿ, ನಡುಗಿ, ಮಷೀನು ಸತ್ತಂತಾಗುತ್ತಿತ್ತು. ಮಲಕಪ್ಪ ಮಾಸ್ತರು ಕಿಟಕಿಯಲ್ಲಿ ಇಣುಕಿ, “ಕಾಲಿಲೆ ತುಳೀರಿ ಅಕ್ಕೋರ, ನಡೀತೈತಿ” ಎಂದು ಹೋದರು.

ಅಕ್ಕೋರು ಕಿಟಕಿಗೆ ಬೆನ್ನು ಹಾಕಿ ನಿಂತರು. ಹುಡುಗಿಯರಿಗೆ ಹೇಳಿದರು: “ಹೊಲಿಗಿ ಬಿಟ್ಟು ಬಿಟ್ಟು ಬಿದ್ರ ನಾವು ಏನ್ ಮಾಡ್ತೀವಿ? ಮೊದಲ ದಾರಾ ನೋಡ್ತೀವಿ, ಆಮ್ಯಾಲ ಸೂಜಿ, ಆಮ್ಯಾಲ ಬಾಬಿನ್ನು, ಕಡೀಕ ಮಷೀನ. ಒಮ್ಮಿಗೆ ಒಂದಽ ಬದಲಿ ಮಾಡಬೇಕು. ಎರಡು ಕೂಡೇ ಬದಲಿ ಮಾಡಿದ್ರ ಯಾವುದರಿಂದ ಸುದ್ದ ಆತು ಅಂತ ತಿಳಿಯಾಂಗಿಲ್ಲ.”

ಒಂದು ವಹಿ ತಂದು ಅದರ ಮೇಲೆ ‘ಮಷೀನಿನ ಜಡ್ಡು’ ಎಂದು ಬರೆದರು. ಯಾವ ದಿನ, ಎಷ್ಟು ಹೊತ್ತಿಗೆ, ಏನಾಯಿತು, ಏನು ಬದಲಿಸಿದೆವು, ಆಮೇಲೆ ಏನಾಯಿತು, ಎಲ್ಲ ಅದರಲ್ಲಿ. ಹೊಲಿಗೆಯವರು ಗಿರಾಕಿಯ ಅಳತೆ ಬರೆದಿಟ್ಟ ಹಾಗೆ. ನಾಲ್ಕು ದಿನ ಬರೆದರು. ಐದನೆಯ ದಿನ ನಾನು ಸ್ಟೂಲಿನಿಂದಲೇ, “ಅಕ್ಕೋರ, ಚಿತ್ರ ಕುಗ್ಗೂ ಮುಂದ ಹಿಂದಿನ ಕಲ್ಲಿನ ಮಷೀನ ಗುಂಯ್ ಅಂತೈತ್ರಿ” ಎಂದೆ.

ನಮ್ಮ ಕಂಪೌಂಡಿನ ಹಿಂದೆ ಚಾಂದಸಾಬರ ಗ್ರಾನೈಟು ಪಾಲಿಶ್ ಮಾಡುವ ಶೆಡ್ಡು. ಅದು ಶುರುವಾದರೆ ನಮ್ಮ ಕರೆಂಟು ಇಳಿಯುತ್ತಿತ್ತು. ಅಕ್ಕೋರು ಜಗಳಕ್ಕೆ ಹೋಗಲಿಲ್ಲ. ಶೆಡ್ಡಿನವರು ರೊಟ್ಟಿ ತಿನ್ನುವ ಒಂದರಿಂದ ಎರಡು ಗಂಟೆಯ ಹೊತ್ತಿಗೆ ಕಂಪ್ಯೂಟರ್ ಪಾಠ ಬದಲಾಯಿಸಿಕೊಂಡರು. ಹುಡುಗಿಯರು ಒಂದು ಪಿರಿಯಡ್ಡು ಮೊದಲೇ ರೊಟ್ಟಿಗಂಟು ಬಿಚ್ಚತೊಡಗಿದರು. ಇತಿಹಾಸದ ಪಾಠಕ್ಕೆಲ್ಲ ಶೇಂಗಾ ಹಿಂಡಿಯ ವಾಸನೆ. ಗ್ರಾನೈಟಿನ ಧೂಳು ಒಳಗೆ ಬರದಂತೆ ಅಕ್ಕೋರು ಹಳೆಯ ಇಳಕಲ್ ಸೀರೆಗಳನ್ನು ಎರಡು ಪದರು ಮಾಡಿ ಮಷೀನುಗಳಿಗೆ ಅಂಗಿ ಹೊಲಿದರು. ಅಳತೆ ಎಷ್ಟು ಸರಿಯಿತ್ತೆಂದರೆ ನನಗೆ ಆ ಮಷೀನುಗಳು ಮದುವೆಗೆ ಹೊರಟ ಅಕ್ಕತಂಗಿಯರ ಹಾಗೆ ಕಾಣುತ್ತಿದ್ದವು.

ಎರಡು ಮಷೀನಿಗೆ ಮೂವತ್ತೆರಡು ಹುಡುಗಿಯರು. ಎಲ್ಲರಿಗೂ ಗುಂಡಿ ಒತ್ತುವ ಸರದಿ ಬರುವುದು ಕಷ್ಟ. ಅದಕ್ಕೆ ಅಕ್ಕೋರು ಒಂದು ನಿಯಮ ಮಾಡಿದರು. ಮಷೀನಿಗೆ ಹೇಳಬೇಕಾದ್ದನ್ನೆಲ್ಲ ಮೊದಲು ವಹಿಯಲ್ಲಿ ಸಾಲು ಸಾಲಾಗಿ ಬರೆಯಬೇಕು. “ಕಸೂತಿ ಹಾಕೂ ಮುಂದ ಎಳಿ ಎಣಿಸಿ ಬರಕೊಳ್ತೀರಿಲ್ಲೋ, ಹಂಗ” ಎನ್ನುವರು. ಹುಡುಗಿಯರು ಇಂಗ್ಲಿಷಿನ ಆ ಸಾಲುಗಳನ್ನು ತಪ್ಪಿಲ್ಲದೆ ಬರೆದು, ಕಸೂತಿಯ ಗೋಪುರ, ಆನೆ, ತುಳಸಿಕಟ್ಟೆಗಳನ್ನು ಟಿವಿಯ ಮೇಲೆ ಗೆರೆಗೆರೆಯಾಗಿ ಮೂಡಿಸತೊಡಗಿದರು.

ಮಷೀನಿಗೆ ಒಂದು ಕೆಟ್ಟ ಚಾಳಿ. ಆರಿಸಿದರೆ ಹೇಳಿಕೊಟ್ಟದ್ದೆಲ್ಲ ಮರೆತುಬಿಡುತ್ತದೆ. ಮರೆಯದಂತೆ ಇಡುವುದು ಫ್ಲಾಪಿ. ಅಂಗೈಗಿಂತ ದೊಡ್ಡದು, ಚೌಕ, ಕರ್ರಗೆ, ತೆಳ್ಳಗೆ. ಬಾಯಿ ಸೀಳಿದ ಡಬ್ಬಿಯೊಳಗೆ ಅದನ್ನು ತೂರಿಸಿದರೆ ಮಷೀನು ಓದಿಕೊಳ್ಳುತ್ತಿತ್ತು. ಅಂಥವು ಆರು ಇದ್ದವು, ಒಂದರಿಂದ ಆರರವರೆಗೆ ನಂಬರು ಬರೆದು ಇಟ್ಟಿದ್ದರು. ಪಾಠ, ಹುಡುಗಿಯರ ಕೆಲಸ, ಎಲ್ಲ ಆ ಆರರಲ್ಲೇ.

ಪ್ರತಿ ಫ್ಲಾಪಿಯ ಕಾಗದದ ಅಂಗಿಯ ಮೇಲೆ, ಏನೇನು ಮಾಡಬಾರದು ಎಂದು ಸಣ್ಣ ಚಿತ್ರಗಳಿದ್ದವು. ಟ್ರೇನಿಂಗಿನವರು, ಚಿತ್ರ ನೋಡಿದರೆ ತಿಳಿಯುತ್ತದೆ ಎಂದಿದ್ದರಂತೆ. ಬೆರಳಿನ ಚಿತ್ರಕ್ಕೆ ಅಡ್ಡಗೆರೆ, ಮುಟ್ಟಬೇಡ. ಮಡಚಿದ ಚಿತ್ರಕ್ಕೆ ಅಡ್ಡಗೆರೆ, ಮಡಚಬೇಡ. ನೀರು ಬೇಡ, ಬಿಸಿಲು ಬೇಡ. ಕಡೆಯದು ಒಂದು ಡೊಂಕು ಚಿತ್ರ, ಎರಡು ಕಾಲು ಚಾಚಿದ್ದು. ಅಕ್ಕೋರು ಅದನ್ನು ನನಗೆ ತೋರಿಸಿ, “ಇದೇನು ಮರೆವ್ವಾ?” ಎಂದರು.

ನನ್ನ ಗಂಡನ ತಮ್ಮ ಲಾಳ ಬಡಿಯುವವನು. ನೋಡಿದ ಕೂಡಲೇ, “ಕುದುರಿ ಲಾಳ ರಿ” ಎಂದೆ.

“ಕುದುರಿ ಬ್ಯಾಡ ಅಂತ ಹೇಳ್ಯಾರೇನು?”

“ಕುಲುಕಾಡ್ತೈತಲ್ರಿ ಟಾಂಗಾ. ಒಳಗಿಂದು ಚೆಲ್ಲತೈತೋ ಏನೋ.”

ಅಕ್ಕೋರು ಅಂದೇ ಟಾಂಗಾ ಬಿಟ್ಟರು. ಬಸ್ ಸ್ಟ್ಯಾಂಡಿನಿಂದ ಶಾಲೆಗೆ ಒಂದು ಮೈಲಿ. ಮಂದಿಯ ಬಟ್ಟೆ ಅಂಗಡಿಯಲ್ಲಿ ಬಿಡಬಾರದೆಂಬ ಅಪ್ಪನ ಮಾತಿನಂತೆ ಫ್ಲಾಪಿಗಳನ್ನು ಅವರು ದಿನಾ ಹುನಗುಂದಕ್ಕೆ ಒಯ್ದು ದಿನಾ ತರುತ್ತಿದ್ದರು. ಹಾಗಾಗಿ ದಿನಾ ಎರಡು ಮೈಲಿ ನಡಿಗೆ. ಎಪ್ರಿಲ್ ಬಿಸಿಲಿಗೂ ಬಿಡಲಿಲ್ಲ. ಹತ್ತು ವರ್ಷ ಅವರನ್ನು ಕರೆತಂದಿದ್ದ ಟಾಂಗಾದ ನಜೀರಸಾಬರು ಜೊತೆಜೊತೆಗೇ ಗಾಡಿ ಹೊಡೆಯುತ್ತ, “ಏನವಾ ನಜಮಾ, ನನ್ನ ಕುದುರಿ ಏನ್ ಪಾಪ ಮಾಡೇತಿ?” ಎಂದು ಕೇಳುವರು.

“ಕುದುರಿ ಏನೂ ಮಾಡಿಲ್ರಿ ಚಾಚಾ. ಸರ್ಕಾರದ ಚಿತ್ರದಾಗ ಹಂಗ ಐತಿ.”

“ಸರ್ಕಾರಕ್ಕ ನನ್ನ ಕುದುರಿ ಗುರ್ತ ಹೆಂಗ ಸಿಕ್ತು?”

ಹೀಗೆ ವರ್ಷದ ಮೇಲೆ ನಡೆಯಿತು. ಮಷೀನುಗಳೂ ಚೆನ್ನಾಗಿ ನಡೆದವು. 1986ರ ದೀಪಾವಳಿ ರಜೆಯಲ್ಲಿ ಅಕ್ಕೋರು ಒಂದು ಹೊಸ ಚೀಲ ಹೊಲಿದರು. ಅಲ್ಲಿಯವರೆಗೆ ಫ್ಲಾಪಿಗಳು ಬಿಸ್ಕೀಟಿನ ಒಂದು ತಗಡಿನ ಡಬ್ಬಿಯಲ್ಲಿ ಬೇರೆಯಾಗಿ ಇರುತ್ತಿದ್ದವು. ಹೊಸ ಚೀಲ ಗುಳೇದಗುಡ್ಡದ ಖಣದ್ದು. ಒಳಗೆ ಸಾಲಾಗಿ ಆರು ಜೇಬು, ಆರು ಫ್ಲಾಪಿಗೆ. ಒಂದನೆಯದರ ಪಕ್ಕದ ತುದಿಯಲ್ಲಿ ಏಳನೆಯ ಜೇಬು ತಮ್ಮ ಹೊಲಿಗೆ ಸಾಮಾನಿಗೆ. ಇಡೀ ಸ್ಟಾಫ್ ರೂಮು ಅದನ್ನು ತಿರುವಿ ಮುರುವಿ ನೋಡಿತು. ಮಲಕಪ್ಪ ಮಾಸ್ತರು ಕೂಡ, “ನಮ್ಮ ಮನಿಯಾಕಿಗೂ ಒಂದ ಹೊಲದು ಕೊಡ್ರಿ” ಎಂದರು.

ರಜೆ ಮುಗಿದು ಹದಿನೈದು ದಿನಕ್ಕೆ ಒಂದನೆಯ ಫ್ಲಾಪಿ ಓದುವುದನ್ನು ನಿಲ್ಲಿಸಿತು. ಡಿಸೆಂಬರಿನಲ್ಲಿ ಎರಡನೆಯದು. ಸಂಕ್ರಾಂತಿಯ ಹೊತ್ತಿಗೆ ಮೂರನೆಯದು. ಫೆಬ್ರುವರಿ ಮೊದಲ ವಾರ ನಾಲ್ಕನೆಯದೂ ಹೋಯಿತು. ಎಂಟು, ಒಂಬತ್ತು, ಹತ್ತನೆಯ ಇಯತ್ತೆಯ ಹುಡುಗಿಯರ ಒಂದೂವರೆ ವರ್ಷದ ಕೆಲಸ ಅವುಗಳಲ್ಲೇ ಇದ್ದದ್ದು. ಅದೇ ವಾರ ಬಿಜಾಪುರದ ಶಿಕ್ಷಣ ಕಚೇರಿಯಿಂದ ಕಾಗದ ಬಂತು. ಬರುವ ಬುಧವಾರ ಮಧ್ಯಾಹ್ನ ಒಂದು ಗಂಟೆಗೆ ಸಾಹೇಬರು ಕಂಪ್ಯೂಟರ್ ಪಾಠ ನೋಡಲು ಬರುತ್ತಾರೆ, ನೋಡಿ ಮಷೀನು ಇರುವುದೋ ಹೋಗುವುದೋ ತೀರ್ಮಾನಿಸುತ್ತಾರೆ ಎಂದು.

ಹೆಡ್ ಮಾಸ್ತರು ಅಕ್ಕೋರನ್ನು ಕರೆದರು. ಬೈಯಲಿಲ್ಲ. ಬಾಗಲಕೋಟೆಗೆ ಕಳಿಸಲು ಡಬ್ಬಿಗಳನ್ನು ಹುಡುಕಿಡಲೇ ಎಂದು ಮಾತ್ರ ಕೇಳಿದರು. ಅದು ಬೈಗುಳಕ್ಕಿಂತ ಹೆಚ್ಚಾಯಿತು.

ಅಕ್ಕೋರು ಬಂದು ಮಷೀನುಗಳ ಮುಂದೆ ಕೂತರು. ಕೆಟ್ಟ ಫ್ಲಾಪಿಯನ್ನು ಒಂದು ಮಷೀನಿಗೆ ಹಾಕಿದರು, ಓದಲಿಲ್ಲ. ಇನ್ನೊಂದಕ್ಕೆ ಹಾಕಿದರು, ಅದೂ ಓದಲಿಲ್ಲ. ಐದನೆಯದನ್ನು ಹಾಕಿದರೆ ಎರಡೂ ಓದಿದವು. “ಮಷೀನ ಚಲೋ ಅದಾವ. ಜಡ್ಡು ಫ್ಲಾಪಿದು” ಎಂದರು. ಆಮೇಲೆ ಜಡ್ಡಿನ ವಹಿ ತೆಗೆದು ಹಿಂದಿನಿಂದ ಮುಂದಕ್ಕೆ ಓದಿದರು. ಓದುತ್ತ ಓದುತ್ತ ಅವರ ಬೆರಳು ನಿಂತಿತು.

“ಮರೆವ್ವಾ, ಒಳಗ ಬಾ. ಒಂದು, ಎರಡು, ಮೂರು, ನಾಕು. ಜಡ್ಡು ಸಾಲು ಹಿಡದು ಬಂದೈತಿ ನೋಡು. ದೀಪಾವಳಿಗಿಂತ ಮೊದಲ ಒಂದೂ ಇಲ್ಲ.”

“ದೃಷ್ಟಿ ಆಗೇತೇನ್ರಿ?”

“ದೃಷ್ಟಿಗೆ ನಂಬರ ಓದಾಕ ಬರ್ತೈತೇನವ್ವ? ದೀಪಾವಳಿಗೆ ನಾವು ಏನ್ ಬದಲಿ ಮಾಡಿದ್ವಿ? ಚೀಲಾ.”

ಎದ್ದು ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದರು. ಒಂದನೆಯ ಫ್ಲಾಪಿಯ ಜೇಬಿಗೆ ಅಂಟಿಕೊಂಡದ್ದು ಏಳನೆಯ ಜೇಬು. ಅದರಿಂದ ಬಿದ್ದವು: ಕತ್ತರಿ, ಅಳತೆ ಪಟ್ಟಿ, ಸೀಮೆಸುಣ್ಣ, ಸೂಜಿಗಳ ಡಬ್ಬಿ, ಸೂಜಿಗಲ್ಲು.

ಹುಡುಗಿಯರು ಸುತ್ತ ನಿಂತರು. ಐದನೆಯ ಫ್ಲಾಪಿಯಲ್ಲಿದ್ದುದನ್ನೆಲ್ಲ ಅಕ್ಕೋರು ಮೊದಲು ಆರನೆಯದಕ್ಕೆ ನಕಲು ಮಾಡಿ ಜೋಪಾನವಾಗಿ ಬೇರೆ ಇಟ್ಟರು. ಆಮೇಲೆ ಐದನೆಯದನ್ನು ಒಂದೊಂದೇ ಸಾಮಾನಿನ ಜೊತೆ ಇಟ್ಟು, ತೆಗೆದು, ಮಷೀನಿಗೆ ಹಾಕಿ ನೋಡಿದರು. ಕತ್ತರಿಯ ಮೇಲೆ ಕಾಲು ತಾಸು, ಓದಿತು. ಅಳತೆ ಪಟ್ಟಿ, ಓದಿತು. ಸೀಮೆಸುಣ್ಣ, ಸೂಜಿ ಡಬ್ಬಿ, ಎರಡಕ್ಕೂ ಓದಿತು. ಕಡೆಗೆ ಸೂಜಿಗಲ್ಲನ್ನು ಅದರ ಮೇಲೆ ಇಟ್ಟು ತೆಗೆದರು. ಡಬ್ಬಿಯೊಳಗೆ ತೂರಿಸಿದರು. ಡಬ್ಬಿ ಕರ್ ಕರ್ ಎಂದು ಕೆರೆಯಿತು. ಟಿವಿಯ ಮೇಲೆ ಒಂದು ಸಾಲು ಬಂತು. ಆ ಸಾಲನ್ನು ನಾನು ಓದಲಾರೆ, ಆದರೆ ಹುಡುಗಿಯರ ಮುಖ ಓದಿದೆ.

ನೇಕಾರರ ಮನೆಯ ಲಗಮವ್ವ ಎಂಬ ಹುಡುಗಿ ಫ್ಲಾಪಿಯ ಕಾಗದದ ಅಂಗಿಯನ್ನೇ ನೋಡುತ್ತ ನಿಂತಿದ್ದಳು. ಅವಳು ತನ್ನ ವಿಜ್ಞಾನದ ಪುಸ್ತಕ ತಂದು, ಒಂದು ಪುಟ ತೆಗೆದು ಮೇಜಿನ ಮೇಲೆ ಇಟ್ಟಳು. ಅದೇ ಡೊಂಕು ಚಿತ್ರ. ಕೆಳಗೆ ‘ಅಯಸ್ಕಾಂತ’ ಎಂದಿತ್ತು.

“ಅಕ್ಕೋರ, ಇದು ಲಾಳ ಅಲ್ರಿ.”

ಲಾಳ ಎಂದವಳು ನಾನು. ಅಕ್ಕೋರು ಆ ಪುಟವನ್ನು ನೋಡಿದರು, ದುಂಡನೆಯ ತಮ್ಮ ಕಲ್ಲನ್ನು ನೋಡಿದರು, ಆಮೇಲೆ ನನ್ನನ್ನು. ಅವರ ಹೊಟ್ಟೆಯಿಂದ ನಗು ಬಂತು.

“ಒಂದೂವರಿ ವರ್ಷ ನಡಿಸಿದೆಲ್ಲವ್ವ ನನ್ನ.”

“ತಪ್ಪಾತ್ರಿ ಅಕ್ಕೋರ.”

“ತಪ್ಪು ನಿಂದಲ್ಲ. ನೀ ಕಂಡದ್ದ ಹೇಳಿದಿ. ಕಲ್ಲು ನಂದು, ಚೀಲಾ ನಂದು. ನಡದು ನಡದು ತೆಳ್ಳಗ ಆದೆ, ಅಷ್ಟಽ ಲಾಭ.”

ಪುಸ್ತಕ ಹಿಡಿದುಕೊಂಡು ಮಲಕಪ್ಪ ಮಾಸ್ತರ ಹತ್ತಿರ ಹೋಗಿ ಪ್ರಯೋಗದ ಕಪಾಟು ತೆಗೆಸಿದರು. ಒಳಗೆ, ಕೆಂಪು ಬಣ್ಣ ಬಳಿದ ಡೊಂಕು ಅಯಸ್ಕಾಂತ ತಂದ ಕಾಗದದಲ್ಲೇ ಸುತ್ತಿ ಕೂತಿತ್ತು.

“ಹುಡುಗ್ಯಾರಿಗೆ ಇದನ್ನ ಯಾವಾಗರೆ ತೋರಿಸೀರೇನ್ರಿ ಸರ್?”

“ಕಳಕೊಂಡಾರು ಅಂತ ಇಟ್ಟೇನ್ರಿ.” ಮಲಕಪ್ಪ ಮಾಸ್ತರು ಕಪಾಟಿನೊಳಗೆ ನೋಡುತ್ತಲೇ ಮೆಲ್ಲಗೆ ಹೇಳಿದರು, “ಅಕ್ಕೋರ, ಸಾಹೇಬ್ರಿಗೆ ಇದೆಲ್ಲ ಯಾಕ? ಕಂಪನಿಯಿಂದಽ ಕೆಟ್ಟು ಬಂದಿದ್ದುವು ಅಂತ ಹೇಳ್ರಿ. ಯಾರಿಗೆ ತಿಳೀತೈತಿ?”

“ಇನ್ನೊಂದ ಸಾಲ್ಯಾಗೂ ಒಬ್ಬಾಕಿ ಹೊಲಿಗಿ ಅಕ್ಕೋರು ಇರ್ತಾಳಲ್ರಿ ಸರ್. ಆಕಿ ಚೀಲದಾಗೂ ಒಂದು ಕಲ್ಲು ಇರ್ತೈತಿ.”

ಕೆಟ್ಟ ಫ್ಲಾಪಿ ಸತ್ತದ್ದಲ್ಲ, ಒರೆಸಿದ ಪಾಟಿಯ ಹಾಗೆ, ಮತ್ತೆ ಬರೆಯಬಹುದು ಎಂದು ಅಕ್ಕೋರು ಕಂಡುಕೊಂಡರು. ಆದರೆ ಏನು ಬರೆಯಬೇಕು? ಅದಕ್ಕೆ ಉತ್ತರ ಹುಡುಗಿಯರ ಪಾಟಿಚೀಲದಲ್ಲಿತ್ತು. ಸಾಲು ಸಾಲಾಗಿ ಬರೆದ ಮೂವತ್ತೆರಡು ವಹಿಗಳು. ಒಬ್ಬಿಬ್ಬರವು ಎಣ್ಣೆ ಕುಡಿದಿದ್ದವು, ಸಿದ್ದಲಿಂಗವ್ವ ಎಂಬವಳದನ್ನು ಆಕಳ ಕರು ಅರ್ಧ ತಿಂದಿತ್ತು. ಉಳಿದವು ಚೊಕ್ಕ.

ಬುಧವಾರಕ್ಕೆ ಆರು ದಿನ ಇತ್ತು. ಬೆಳಿಗ್ಗೆ ಏಳಕ್ಕೇ ಹುಡುಗಿಯರು ಬರುತ್ತಿದ್ದರು, ಹನ್ನೊಂದಕ್ಕೆ ಕಲ್ಲಿನ ಮಷೀನು ಶುರುವಾಗುವವರೆಗೆ. ಮತ್ತೆ ಒಂದರಿಂದ ಎರಡು. ಒಬ್ಬಳು ವಹಿ ಹಿಡಿದು ಓದುವುದು, ಒಬ್ಬಳು ಗುಂಡಿ ಒತ್ತುವುದು, ಮೂರನೆಯವಳು ಟಿವಿ ನೋಡಿ ತಾಳೆ ಹಾಕುವುದು. ಈ ಪದ್ಧತಿ ಲಗಮವ್ವನದು. ಸೀರೆಯ ಮೈಗೆ ಸೆರಗನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವಾಗ ಅವರ ಮನೆಯಲ್ಲಿ ಹೀಗೇ ಎಣಿಸಿ ಹೇಳುತ್ತಾರಂತೆ. ಒಂದು ಎಳೆ ತಪ್ಪಿದರೂ ಕೈ ನಿಲ್ಲಬೇಕು. ಇಂಗ್ಲಿಷ್ ಅಕ್ಷರಗಳನ್ನು ಮಗ್ಗದ ಮನೆಯ ರಾಗದಲ್ಲಿ ಕೂಗುವುದನ್ನು ಕೇಳುತ್ತ ನಾನು ಅಂಗಳ ಗುಡಿಸುತ್ತಿದ್ದೆ. ಮಂಗಳವಾರ ಮಧ್ಯಾಹ್ನ ನಾಲ್ಕನೆಯ ಫ್ಲಾಪಿ ತುಂಬಿತು.

ಬುಧವಾರ ಒಂದಾಯಿತು, ಒಂದೂವರೆಯಾಯಿತು. ಸಾಹೇಬರ ಜೀಪು ಬರಲಿಲ್ಲ. ಎರಡಕ್ಕೆ ಚಾಂದಸಾಬರ ಮಷೀನು ಗುಂಯ್ ಎಂದಿತು. ಎರಡೂಕಾಲಿಗೆ ಜೀಪು ಬಂತು. ಸಾಹೇಬರು ಅಮೀನಗಡದಲ್ಲಿ ಕರದಂಟಿಗೆ ನಿಂತಿದ್ದರು, ಕಟ್ಟಿಸಿದ್ದ ಪೆಟ್ಟಿಗೆ ಡ್ರೈವರನ ಕೈಯಲ್ಲೇ ಇತ್ತು. ಒಳಗೆ ಟಿವಿಯ ಚಿತ್ರ ಆಗಲೇ ಕುಗ್ಗತೊಡಗಿತ್ತು. ಅಕ್ಕೋರು ಪರದೆಯ ಸಂದಿಯಿಂದ ನನ್ನನ್ನು ನೋಡಿದರು. ನಾನು ಕಂಪೌಂಡಿನ ಒಡಕಿನಲ್ಲಿ ನುಸುಳಿ ಹಿಂದೆ ಓಡಿದೆ.

“ಚಾಂದಸಾಬ್ರ, ಒಂದ ತಾಸು ನಿಲ್ಲಸ್ರಿ.”

“ಅರ್ಧಕ್ಕ ನಿಲ್ಲಿಸಿದ್ರ ಹೊಳಪು ಕೂಡಾಂಗಿಲ್ಲವ್ವ. ದೊಡ್ಡ ಕಲ್ಲು.”

“ನಿಮ್ಮ ಮೊಮ್ಮಗಳು ಜೋಹರಾನಽ ಒಳಗ ಸಾಹೇಬ್ರ ಮುಂದ ಕುಂತಾಳ್ರಿ.”

ಅವರು ಹೆಗಲ ಮೇಲಿನ ಟವೆಲ್ಲನ್ನು ಎತ್ತಿ ಬೀಸಿದರು. ಮಷೀನು ನಿಂತಿತು. ಅಷ್ಟು ಸಪ್ಪಳದ ಮೇಲೆ ಬಂದ ಮೌನದಲ್ಲಿ ನಮ್ಮ ಖೋಲಿಯ ಗುಂಡಿಗಳ ಟಕ್ ಟಕ್ ಅಲ್ಲಿಯವರೆಗೂ ಕೇಳಿಸಿತು.

ನಾನು ವಾಪಸು ಬರುವಷ್ಟರಲ್ಲಿ ಟಿವಿಯ ಮೇಲೆ ಗೋಪುರ ಮೂಡುತ್ತಿತ್ತು. ಕೆಳಗಿನ ಮೆಟ್ಟಿಲು ಮೊದಲು, ಆಮೇಲೆ ಮೇಲಿನವು, ಕಡೆಗೆ ಕಳಸ. ಜೋಹರಾ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸಾಹೇಬರು ಆನೆ ನೋಡಿದರು, ತುಳಸಿಕಟ್ಟೆ ನೋಡಿದರು. ತಮ್ಮದೇ ಒಂದು ಲೆಕ್ಕ ಕೊಟ್ಟರು. ಲಗಮವ್ವ ಅದನ್ನು ಮೊದಲು ವಹಿಯಲ್ಲಿ ಬರೆದುಕೊಂಡು, ಆಮೇಲೆ ಮಷೀನಿನಿಂದ ಬಿಡಿಸಿದಳು.

“ಒಳ್ಳೆಯದು” ಎಂದರು ಸಾಹೇಬರು. “ಆದರೆ ಫ್ಲಾಪಿಗಳು ಕೆಟ್ಟಿದ್ದವು ಎಂದು ನನಗೆ ಸುದ್ದಿ ಬಂದಿದೆ. ಕೆಡಿಸಿದವರು ಯಾರು?”

ಹೆಡ್ ಮಾಸ್ತರು ಕೆಮ್ಮಿದರು. ಮಲಕಪ್ಪ ಮಾಸ್ತರು ಕಿಟಕಿಯ ಹೊರಗೆ ನೋಡಿದರು.

“ನಾನಽ ರಿ” ಎಂದರು ಅಕ್ಕೋರು.

ಸೂಜಿಗಲ್ಲನ್ನು ಅಂಗೈ ಮೇಲೆ ಇಟ್ಟುಕೊಂಡು, ಫ್ಲಾಪಿಗಳಿಂದ ದೂರ ನಿಂತು, ಎಲ್ಲವನ್ನೂ ಹೇಳಿದರು. ಚೀಲದ್ದು, ಸಾಲು ಹಿಡಿದು ಬಂದ ಜಡ್ಡಿನದು, ಲಾಳದ್ದು. ಟಾಂಗಾದ ವಿಷಯ ಬಂದಾಗ ಸಾಹೇಬರು ಕನ್ನಡಕ ತೆಗೆದರು.

“ಕುದುರೆಗೆ ಹೆದರಿ ಒಂದೂವರೆ ವರ್ಷ ನಡೆದಿರಾ?”

“ಹೌದ್ರಿ. ಚಿತ್ರದಾಗ ಬ್ಯಾಡ ಅಂತಿತ್ರಿ.”

ಅವರು ನಗಲಿಲ್ಲ. ಜಡ್ಡಿನ ವಹಿ ಕೇಳಿ ಪಡೆದು ನಿಂತಲ್ಲೇ ಓದತೊಡಗಿದರು. ಕಡೆಯ ಹಾಳೆ ಮುಗಿಸಿ ಅವರು ಹೆಡ್ ಮಾಸ್ತರಿಗೆ ಹೇಳಿದರು, “ಬಾಗಲಕೋಟೆಯವರು ನಿಮ್ಮ ಮಷೀನು ಕೇಳಿದ್ದು ಯಾಕೆ ಗೊತ್ತೇ? ಅವರವು ಎರಡೂ ಆರು ತಿಂಗಳಿಂದ ನಿಂತಿವೆ. ಬಾದಾಮಿಯಲ್ಲೂ ನಿಂತಿವೆ. ಯಾಕೆ ನಿಂತಿವೆ ಎಂದು ಬರೆದಿಟ್ಟವರು ಒಬ್ಬರೂ ಇಲ್ಲ. ನಿಮ್ಮ ಮಷೀನು ಎಲ್ಲಿಗೂ ಹೋಗುವುದಿಲ್ಲ. ಈ ಅಕ್ಕೋರನ್ನು ತಿಂಗಳಿಗೆ ಎರಡು ದಿನ ನಮಗೆ ಕಳಿಸಿ.”

ಹುಡುಗಿಯರು ಚಪ್ಪಾಳೆ ತಟ್ಟಲು ಕೈ ಎತ್ತಿದ್ದರು. ಅಕ್ಕೋರು ಕಣ್ಣಲ್ಲೇ ತಡೆದರು. ಜೀಪು ಗೇಟು ದಾಟುವವರೆಗೆ ತಡೆದುಕೊಂಡು, ಆಮೇಲೆ ತಟ್ಟಿದರು ನೋಡಿ, ಚಾಂದಸಾಬರ ಶೆಡ್ಡಿನವರೆಲ್ಲ ಗೋಡೆಯ ಮೇಲಿಂದ ಇಣುಕಿದರು.

ಅಂದು ಸಂಜೆ ಸೂಜಿಗಲ್ಲು ಹುನಗುಂದಕ್ಕೆ ಹೋಗಲಿಲ್ಲ. ಹೊಲಿಗೆ ಖೋಲಿಯ ಆಚೆ ಗೋಡೆಗೆ ನಾನು ಒಂದು ಮೊಳೆ ಹೊಡೆದೆ, ಅದೇ ಅದರ ಜಾಗವಾಯಿತು. ಅಕ್ಕೋರು ಖಣದ ಚೀಲ ಹೆಗಲಿಗೆ ಹಾಕಿಕೊಂಡು ಗೇಟಿಗೆ ಬಂದಾಗ ನಜೀರಸಾಬರು ರೂಢಿಯಂತೆ, “ಏನವಾ, ಇವತ್ತೂ ಸರ್ಕಾರ ಬ್ಯಾಡ ಅಂದೈತೇನು?” ಎಂದರು. ಅಕ್ಕೋರು ಟಾಂಗಾ ಹತ್ತಿ ಕೂತರು. ನಜೀರಸಾಬರು ಕುದುರೆಯ ಕಿವಿಯಲ್ಲಿ ಏನೋ ಹೇಳಿದರು. ಏನೆಂದು ನನಗೆ ಕೇಳಿಸಲಿಲ್ಲ.

ಮುಂದಿನ ತಿಂಗಳು ಅಕ್ಕೋರು ಬಾಗಲಕೋಟೆಗೆ ಹೋದರು. ಆ ದೊಡ್ಡ ಶಾಲೆಯ ಒಂದು ಮಷೀನಿಗೆ ಆಗಿದ್ದು ಇಷ್ಟೇ: ಒರೆಸುವಾಗ ಯಾರೋ ಟಿವಿಯ ಬೆಳಕಿನ ಗುಂಡಿಯನ್ನು ತಿರುಗಿಸಿದ್ದರು. ಆರು ತಿಂಗಳು ಮಷೀನು ಕತ್ತಲಲ್ಲಿ ನಡೆಯುತ್ತಲೇ ಇತ್ತು. ಎರಡನೆಯದಕ್ಕೆ ಪ್ಲಗ್ಗು ಸಡಿಲ. ಬಾದಾಮಿಯಲ್ಲಿ ಮಂಗ ಕಿಟಕಿಯಿಂದ ಕೈ ಹಾಕಿ ವೈರು ಎಳೆದಿತ್ತು. ಹುನಗುಂದದ ಶಾಲೆಗೆ ಮಷೀನು ಬಂದಾಗ ಅಲ್ಲಿಯ ಮಾಸ್ತರರೇ ಖಾಸಿಂಸಾಬರ ಅಂಗಡಿಗೆ ಬಂದು ಮಗಳನ್ನು ಕೇಳಿಕೊಂಡು ಹೋದರು. ಹೋದಲ್ಲೆಲ್ಲ ಅಕ್ಕೋರು ಮೊದಲು ಹೊಲಿಗೆಯವರ ಚೀಲ ತೆಗೆಸಿ ನೋಡುತ್ತಿದ್ದರಂತೆ. ಬಾದಾಮಿಯಲ್ಲಿ ಒಂದು ಕಲ್ಲು ಸಿಕ್ಕಿಯೇ ಸಿಕ್ಕಿತು. ಇತ್ತ ನಮ್ಮ ಮಲಕಪ್ಪ ಮಾಸ್ತರು ಪ್ರಯೋಗದ ಕಪಾಟಿನ ಕೀಲಿಯನ್ನು ಲಗಮವ್ವನ ಕೈಗೆ ಕೊಟ್ಟಿದ್ದರು.

ಬಾದಾಮಿಯಿಂದ ಬಂದ ಮರುದಿನ ಅಕ್ಕೋರು ಆ ಸುದ್ದಿಯನ್ನೆಲ್ಲ ಹೇಳುತ್ತ ಮಷೀನುಗಳಿಗೆ ಸೀರೆಯ ಅಂಗಿ ತೊಡಿಸಿದರು. ನಾನು ಕಡೆಯ ಗಂಟೆ ಬಾರಿಸಿ ಬಂದೆ. ಅವರು ಮೊಳೆಯಿಂದ ಸೂಜಿಗಲ್ಲನ್ನು ಇಳಿಸಿ, ದಾರದ ತುದಿ ಬೆರಳಿಗೆ ಸುತ್ತಿಕೊಂಡು, ಬಾಗಿಲ ಮೂಲೆಯಿಂದ ಶುರು ಮಾಡಿದರು. ಬೆಂಚಿನ ಕೆಳಗೆ ಎರಡು ಟಾಚಣಿ, ಕಿಟಕಿಯ ಹತ್ತಿರ ಒಂದು ಮುರಿದ ಸೂಜಿ. ಅವನ್ನು ಡಬ್ಬಿಗೆ ಉದುರಿಸಿ, ಕಲ್ಲನ್ನು ಮತ್ತೆ ಮೊಳೆಗೆ ತೂಗುಹಾಕಿ, “ಆತು, ಕಸಾ ಹೊಡಿ ಮರೆವ್ವಾ” ಎಂದರು. ನಾನು ಕಸಬರಿಗೆ ಎತ್ತಿಕೊಂಡು ಮೂಲೆಯಿಂದ ಗುಡಿಸಲು ಶುರು ಮಾಡಿದೆ.